ದುಡ್ಡು ಒಪ್ಪಿಕೊಳ್ಳುವ ಮೊದಲು ಬಾಗಿಲಿನಿಂದ ಒಳಗೆ ನಡೆದು ನೋಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಹಳ್ಳಿ. ಊರಿನ ಗ್ರಂಥಾಲಯದ ಪಕ್ಕದಲ್ಲಿ ಹಳೆ ಶಾಲೆಯ ಎರಡು ಕೋಣೆಗಳಿವೆ. ಅಲ್ಲಿ ಹಳೆ ಸಾಮಾನುಗಳ ಮ್ಯೂಸಿಯಂ ಮಾಡಿದ್ದೇವೆ. ಭತ್ತ ಅಳೆಯುವ ಕಳಸೆ, ಸೇರು, ಭತ್ತ ತುಂಬಿಡುವ ಮರದ ಪತ್ತಾಯ, ನೊಗ, ನೇಗಿಲು, ತಾಳೆಗರಿ, ಯಕ್ಷಗಾನದ ಕಿರೀಟ, ನೀರಿನ ಸುರಂಗ ತೋಡುವ ಹತ್ಯಾರು ಎಲ್ಲ ಸೇರಿ ಮುನ್ನೂರಕ್ಕೂ ಜಾಸ್ತಿ ವಸ್ತುಗಳಿವೆ. ಬಂದವರು ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ಹೊರಡುತ್ತಾರೆ. ಈಗ ದುಬೈಯಲ್ಲಿರುವ ಊರಿನವರೊಬ್ಬರು ಎಂಟು ಲಕ್ಷ ರೂಪಾಯಿ ಕೊಡುತ್ತೇನೆ ಎಂದಿದ್ದಾರೆ. ಎಸಿ, ಟಚ್‌ಸ್ಕ್ರೀನ್, ಮುಂದೆ ಒಂದು ಕಮಾನು ಇವು ಅವರ ಆಸೆ. ಸಮಿತಿಯಲ್ಲಿ ಒಮ್ಮತ ಇಲ್ಲ. ಈ ದುಡ್ಡನ್ನು ಹೇಗೆ ಬಳಸಿದರೆ ಜನ ನಿಂತು ನೋಡುತ್ತಾರೆ? ಟಿಕೆಟ್ ಇಡಬೇಕಾ?

ಉತ್ತರ: ಮೊದಲು ಆ ಹತ್ತು ನಿಮಿಷದ ಬಗ್ಗೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ಮ್ಯೂಸಿಯಂ ಸಂಶೋಧಕಿ ಬೆವರ್ಲಿ ಸೆರೆಲ್ ನೂರಕ್ಕೂ ಜಾಸ್ತಿ ಪ್ರದರ್ಶನಗಳ ಲೆಕ್ಕ ಕಲೆಹಾಕಿ 1998ರಲ್ಲಿ ಪ್ರಕಟಿಸಿದರು. ವಿಷಯ ಯಾವುದೇ ಇರಲಿ, ಜಾಗ ಎಷ್ಟೇ ದೊಡ್ಡದಿರಲಿ, ಹೆಚ್ಚಿನ ಕಡೆ ಜನ ಇಪ್ಪತ್ತು ನಿಮಿಷದೊಳಗೆ ಹೊರಗೆ ಬಂದಿದ್ದರು. ಹಾಗೆ ನೋಡಿದರೆ ನಿಮ್ಮ ಎರಡು ಕೋಣೆಗೆ ಹತ್ತು ನಿಮಿಷ ಕಡಿಮೆಯೇನೂ ಆಗಲಿಲ್ಲ. ನೀವು ಗಮನಿಸಬೇಕಾದ್ದು ಬೇರೆ. ಆ ಹತ್ತು ನಿಮಿಷದಲ್ಲಿ ಅವರು ಎಲ್ಲಾದರೂ ನಿಂತರಾ? ಜತೆಗಿದ್ದವರನ್ನು ಕರೆದು ‘ಇಲ್ಲಿ ನೋಡು’ ಅಂದರಾ? ಅಜ್ಜಿ ಮೊಮ್ಮಗಳಿಗೆ ಏನಾದರೂ ಹೇಳಿಕೊಟ್ಟರಾ?

ನೀವು ದುಡ್ಡಿನ ಪ್ರಶ್ನೆಯನ್ನೂ ಜೋಡಣೆಯ ಪ್ರಶ್ನೆಯನ್ನೂ ಒಟ್ಟಿಗೆ ಕೇಳಿದ್ದೀರಿ. ಬಹಳ ಒಳ್ಳೆಯದಾಯಿತು. ಹೆಚ್ಚಿನ ಸಮಿತಿಗಳು ಮೊದಲು ದುಡ್ಡು ತರುತ್ತವೆ, ಆಮೇಲೆ ಏನು ತೋರಿಸುವುದು ಅಂತ ಯೋಚಿಸುತ್ತವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ದುಡ್ಡು ಯಾವ ದಾರಿಯಲ್ಲಿ ಬಂತೋ ಕೋಣೆಯೂ ಅದೇ ಆಕಾರ ಪಡೆದಿರುತ್ತದೆ.

ಮ್ಯೂಸಿಯಂಗೆ ಎರಡು ತರದ ದುಡ್ಡು ಬೇಕು. ಒಂದು, ಒಮ್ಮೆ ಖರ್ಚಾಗುವ ದುಡ್ಡು: ಕಟ್ಟಡ, ಕಪಾಟು, ಯಂತ್ರ. ಇನ್ನೊಂದು, ತಿಂಗಳು ತಿಂಗಳು ಬೇಕಾಗುವ ದುಡ್ಡು: ಬಾಗಿಲು ತೆಗೆಯುವವರ ಸಂಬಳ, ಕರೆಂಟು ಬಿಲ್ಲು, ಬಲ್ಬು, ಗುಡಿಸಿ ಒರೆಸುವ ಕೆಲಸ, ಹರಿದ ಫಲಕ ಬದಲಿಸುವ ಖರ್ಚು. ಕೊಡುವವರು ಯಾವಾಗಲೂ ಮೊದಲನೆಯದನ್ನೇ ಕೊಡುತ್ತಾರೆ. ಸಂಸದರ ನಿಧಿಯನ್ನು ನೋಡಿ. 1993ರಲ್ಲಿ ಶುರುವಾದ ಆ ಯೋಜನೆಯ ನಿಯಮದ ಪ್ರಕಾರ ಅದು ಬಾಳಿಕೆ ಬರುವ ಆಸ್ತಿ ಕಟ್ಟಲು ಇರುವ ದುಡ್ಡು. ಸಂಬಳಕ್ಕೆ, ದಿನದ ಖರ್ಚಿಗೆ ಅದರಿಂದ ಕೊಡುವ ಹಾಗಿಲ್ಲ. ಕಂಪನಿಗಳು ಸಾಮಾಜಿಕ ಹೊಣೆ ಅಂತ ಕೊಡುವ ಸಿಎಸ್‌ಆರ್ ದುಡ್ಡು ಕಲೆ ಮತ್ತು ಪರಂಪರೆಯ ಕೆಲಸಕ್ಕೂ ಸಿಗುತ್ತದೆ, 2013ರ ಕಂಪನಿ ಕಾಯಿದೆಯಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ಅವರೂ ಸಾಮಾನ್ಯವಾಗಿ ಫೋಟೋ ತೆಗೆಯಲು ಬರುವಂಥದ್ದನ್ನೇ ಇಷ್ಟಪಡುತ್ತಾರೆ. ನಿಮ್ಮ ದುಬೈ ದಾನಿಯೂ ಕಮಾನು ಕೇಳಿದ್ದು ಅದೇ ಕಾರಣಕ್ಕೆ. ಅದರಲ್ಲಿ ತಪ್ಪಿಲ್ಲ. ದೂರದಲ್ಲಿರುವವರಿಗೆ ಊರಿನಲ್ಲಿ ತಮ್ಮದೊಂದು ಗುರುತು ಇರಬೇಕು ಅನಿಸುವುದು ಸಹಜ, ಅಲ್ವಾ?

ನೋಡಲು ಬಂದವರ ಅನುಭವ ಮಾತ್ರ ನಿಂತಿರುವುದು ಎರಡನೆಯ ದುಡ್ಡಿನ ಮೇಲೆ. ಉದ್ಘಾಟನೆಯ ದಿನ ಎಲ್ಲ ಬೆಳಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಆ ಕೋಣೆಯಲ್ಲಿ ಯಾವ ಬಲ್ಬು ಉರಿಯುತ್ತಿದೆ, ಯಾರು ಕೂತಿದ್ದಾರೆ ಎಂಬುದು ಮುಖ್ಯ.

ಎಸಿಯಿಂದ ಶುರು ಮಾಡೋಣ. ಇದನ್ನು ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯಲ್ಲಿ ತೇವ ತುಂಬಿರುತ್ತದೆ. ಮರ, ಓಲೆ, ಬಟ್ಟೆ ಎಲ್ಲವೂ ಆ ತೇವಕ್ಕೆ ಒಗ್ಗಿಕೊಂಡಿವೆ. ನೀವು ನೋಡುಗರು ಬಂದಾಗ ಎಸಿ ಹಾಕಿ, ಸಂಜೆ ಬಿಲ್ಲಿನ ಹೆದರಿಕೆಗೆ ಆರಿಸುತ್ತೀರಿ. ಹಗಲು ಒಣ ಗಾಳಿ, ರಾತ್ರಿ ಒದ್ದೆ ಗಾಳಿ. ಮರ ಕುಗ್ಗುತ್ತದೆ, ಹಿಗ್ಗುತ್ತದೆ, ಕೊನೆಗೆ ಸೀಳುತ್ತದೆ. ಕಿರೀಟದ ಮೇಲಿನ ಬಣ್ಣ, ಬೇಗಡೆ ಎದ್ದು ಬರುತ್ತದೆ. ತಣ್ಣಗಿನ ಗಾಜಿನ ಮೇಲೆ ನೀರು ಕೂತು ಬೂಸ್ಟು ಹಿಡಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಎಸಿ ನಡೆಸುವ ಶಕ್ತಿ ಇಲ್ಲದಿದ್ದರೆ ಎಸಿ ಇಲ್ಲದಿರುವುದೇ ವಸ್ತುಗಳಿಗೆ ಕ್ಷೇಮ. ಹಳೆ ಶಾಲೆಯ ಎತ್ತರದ ಮಾಡು (ಛಾವಣಿ), ಎದುರುಬದುರು ಕಿಟಕಿ, ಎರಡು ಎಗ್ಸಾಸ್ಟ್ ಫ್ಯಾನ್ ಸಾಕು. ಕಪಾಟುಗಳನ್ನು ಮುರಕಲ್ಲಿನ ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಪತ್ತಾಯ, ನೇಗಿಲು ಯಾವುದನ್ನೂ ನೆಲದ ಮೇಲೆ ನೇರ ಇಡಬೇಡಿ, ಕಲ್ಲು ಕೊಟ್ಟು ಎತ್ತಿ ಇಡಿ.

ಟಚ್‌ಸ್ಕ್ರೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಬೆಲೆ ಸಣ್ಣದು, ಅದರೊಳಗೆ ತುಂಬುವ ಮಾಹಿತಿಯ ಖರ್ಚು ದೊಡ್ಡದು. ಗುಡುಗು ಮಿಂಚಿನ ಊರು ನಮ್ಮದು, ರಿಪೇರಿಗೆ ಬರುವವರು ಮಂಗಳೂರಿನಿಂದ ಬರಬೇಕು. ಮಕ್ಕಳ ಕೈಯಲ್ಲಿ ಈಗಾಗಲೇ ಅದಕ್ಕಿಂತ ಒಳ್ಳೆಯ ಪರದೆ ಇದೆ. ಸದ್ಯಕ್ಕೆ ಬಿಡಿ. ಕಮಾನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಒಂದು ಕೆಲಸ ಮಾಡಿ. ಸಮಿತಿಯವರೆಲ್ಲ ಹೊರಗೆ ನಿಂತು, ಮೊದಲ ಸಲ ಬಂದವರ ಹಾಗೆ ಬಾಗಿಲಿನಿಂದ ಒಳಗೆ ನಡೆದು ನೋಡಿ. ಒಬ್ಬರು ಎತ್ತರದವರು, ಒಬ್ಬರು ಕನ್ನಡಕ ಹಾಕುವ ಹಿರಿಯರು, ಒಂದು ನಾಲ್ಕನೇ ಕ್ಲಾಸಿನ ಮಗು ಇರಲಿ. ಅಮೆರಿಕದ ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಇಂಥ ಪರೀಕ್ಷೆಯೊಂದರ ಬಗ್ಗೆ ಬರೆದಿದ್ದರು. ಒಬ್ಬ ಮನುಷ್ಯನನ್ನು ಕಪಾಟುಗಳ ಮುಂದೆ ನಿಲ್ಲಿಸಿ, ವಸ್ತು ನೋಡಿ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೇಳಿ ಫೋಟೋ ತೆಗೆದರು. ಆತ ಸೊಂಟ ಬಗ್ಗಿಸುತ್ತಾನೆ, ಮೊಣಕಾಲೂರುತ್ತಾನೆ, ಕತ್ತು ಚಾಚುತ್ತಾನೆ. ಮ್ಯೂಸಿಯಂ ದಣಿವು ಎಂಬ ಮಾತು ಬಳಕೆಗೆ ಬಂದದ್ದೇ ಅಲ್ಲಿಂದ. ನೂರು ವರ್ಷ ಕಳೆದರೂ ನಾವು ಫಲಕಗಳನ್ನು ಮೊಣಕಾಲಿನ ಎತ್ತರದಲ್ಲೇ ಇಡುತ್ತೇವೆ! ನಿಂತು ಓದುವ ಫಲಕದ ನಡುಭಾಗ ನೆಲದಿಂದ ಸುಮಾರು 140 ಸೆಂಟಿಮೀಟರ್ ಎತ್ತರದಲ್ಲಿರಲಿ. ಮಕ್ಕಳಿಗಾಗಿ ಇಡುವ ವಸ್ತು ಇನ್ನೂ ಕೆಳಗಿರಲಿ. ಕೋಣೆಗೊಂದು ಬೆಂಚು ಬೇಕೇ ಬೇಕು. ಹಳೆ ಶಾಲೆಯಲ್ಲವೇ, ಅಟ್ಟದಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ.

ಬೆಳಕನ್ನೂ ಗಮನಿಸಿ. ನಮ್ಮ ಹಳೆ ಕಟ್ಟಡಗಳ ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಇರುತ್ತದೆ. ಅದರಿಂದ ಬೀಳುವ ಬಿಸಿಲಿನ ತುಂಡು ಹಗಲೆಲ್ಲ ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ. ಆ ದಾರಿಯಲ್ಲಿ ತಾಳೆಗರಿಯೋ ಯಕ್ಷಗಾನದ ವೇಷದ ಬಟ್ಟೆಯೋ ಇದ್ದರೆ ಅದರ ಕತೆ ಮುಗಿಯಿತು. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಬಟ್ಟೆ, ಕಾಗದ, ಓಲೆಯ ವಸ್ತುಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ ಎಂಬುದು ಲೋಕದ ಮ್ಯೂಸಿಯಂಗಳು ಪಾಲಿಸುವ ಲೆಕ್ಕ. ಅಷ್ಟು ಬೆಳಕಿನಲ್ಲಿ ವಸ್ತು ಕಾಣಬೇಕಾದರೆ ಸುತ್ತಲಿನ ಜಾಗ ಇನ್ನೂ ಮಂದವಾಗಿರಬೇಕು. ಅದಕ್ಕೇ ಎರಡು ಕೋಣೆಗಳನ್ನು ಬೇರೆ ಬೇರೆ ತರ ಮಾಡಿ. ಕಿಟಕಿ ತೆರೆದ, ಬೆಳಕಿನ ಕೋಣೆಯಲ್ಲಿ ಮರ, ಕಲ್ಲು, ಕಬ್ಬಿಣ. ಕಿಟಕಿಗೆ ದಪ್ಪ ಪರದೆ ಹಾಕಿದ ಕೋಣೆಯಲ್ಲಿ ಓಲೆ, ಬಟ್ಟೆ, ಕಿರೀಟ. ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟಾಗ ಜನ ತಾವಾಗಿಯೇ ಮಾತು ತಗ್ಗಿಸಿ ನಿಧಾನ ಆಗುತ್ತಾರೆ. ಇದಕ್ಕೆ ತಗಲುವ ಖರ್ಚು ಪರದೆ ಬಟ್ಟೆ, ನಾಲ್ಕಾರು ಎಲ್‌ಇಡಿ ದೀಪ ಅಷ್ಟೆ.

ಮುನ್ನೂರು ವಸ್ತುಗಳನ್ನೂ ಒಟ್ಟಿಗೆ ಇಡಬೇಡಿ. ಹತ್ತು ಸೇರುಗಳ ಸಾಲು ಕಂಡರೆ ಕಣ್ಣು ಒಂದನ್ನೂ ನೋಡುವುದಿಲ್ಲ. ಅರುವತ್ತೋ ಎಪ್ಪತ್ತೋ ಇಟ್ಟು ಉಳಿದದ್ದನ್ನು ಒಳಗೆ ಜೋಪಾನ ಮಾಡಿ. ಕಷ್ಟ ಎಲ್ಲಿ ಅಂತ ನನಗೆ ಗೊತ್ತು. ‘ನಮ್ಮ ಮನೆಯ ಕಳಸೆ ಯಾಕೆ ಒಳಗಿಟ್ಟಿರಿ?’ ಅಂತ ಕೊಟ್ಟವರು ಕೇಳುತ್ತಾರೆ. ವಸ್ತು ಕೊಟ್ಟವರೂ ದಾನಿಗಳೇ, ಅವರ ಮನಸ್ಸೂ ನೋಯಬಾರದು. ಅದಕ್ಕೊಂದು ಉಪಾಯ: ಆರು ತಿಂಗಳಿಗೊಮ್ಮೆ ವಸ್ತು ಬದಲಿಸಿ. ಯಾರ ಮನೆಯ ವಸ್ತು ಹೊರಗೆ ಬರುತ್ತದೋ ಆ ಮನೆಯವರಿಗೆ ಹೇಳಿಕಳಿಸಿ. ಅವರು ನೆಂಟರಿಷ್ಟರ ಜತೆ ಬಂದೇ ಬರುತ್ತಾರೆ. ಒಂದು ಸಲ ನೋಡಿದವರು ಮತ್ತೆ ಯಾಕೆ ಬರಬೇಕು ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು.

ಇನ್ನು ಮುಖ್ಯ ಮಾತು. ನಿಮ್ಮ ಮ್ಯೂಸಿಯಂ ಯಾವುದರ ಬಗ್ಗೆ? ‘ಹಳೆ ಸಾಮಾನು’ ಅನ್ನುವುದು ಉತ್ತರ ಆಗುವುದಿಲ್ಲ. ಅಂಥ ಮ್ಯೂಸಿಯಂ ಎಲ್ಲ ಊರಲ್ಲೂ ಇವೆ. ರಾಜಸ್ಥಾನದ ಜೋಧಪುರದ ಹತ್ತಿರ ಅರ್ನಾ ಝರ್ನಾ ಅಂತ ಒಂದಿದೆ. ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಕಲ್ಪಿಸಿದ್ದು. ಮರುಭೂಮಿಯ ಜನಜೀವನ ಹೇಳಲು ಅವರು ಆರಿಸಿಕೊಂಡದ್ದು ಪೊರಕೆ. ಯಾವ ಹುಲ್ಲಿನದು, ಯಾರು ಕಟ್ಟುತ್ತಾರೆ, ಯಾವುದು ಮನೆಯೊಳಗೆ, ಯಾವುದು ಅಂಗಳಕ್ಕೆ ಅಂತ ಕೇಳುತ್ತಾ ಹೋದರೆ ಗಿಡ, ಕಸುಬು, ಜಾತಿ, ನಂಬಿಕೆ ಎಲ್ಲ ಒಂದೊಂದಾಗಿ ಬರುತ್ತವೆ. ಅರಮನೆಯ ಕತ್ತಿ, ಗುರಾಣಿ ಯಾವುದೂ ಬೇಕಾಗಲಿಲ್ಲ. ನನಗೆ ಬಹಳ ಇಷ್ಟವಾದ ಯೋಚನೆ ಇದು.

ನಿಮ್ಮಲ್ಲಿ ಅದಕ್ಕಿಂತ ದೊಡ್ಡ ವಸ್ತು ಇದೆ. ಸುರಂಗ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳು ಎಷ್ಟೊಂದು ಇವೆ! ಪಂಪು ಬೇಡ, ಕರೆಂಟು ಬೇಡ. ಒಳಗೆ ಜಿನುಗಿದ ನೀರು ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿದು ಹೊರಗೆ ಬರುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳದವರೆಗೆ ಬರುತ್ತದೆ. ಈ ನೀರು ಇಲ್ಲದಿದ್ದರೆ ಆ ಗುಡ್ಡಗಳಲ್ಲಿ ಎಷ್ಟೋ ಮನೆ, ಎಷ್ಟೋ ಅಡಿಕೆ ತೋಟ ಇರುತ್ತಿರಲಿಲ್ಲ. ಊರಿನ ಮಕ್ಕಳು ಸುರಂಗದ ನೀರು ಕುಡಿದೇ ಬೆಳೆದಿರುತ್ತಾರೆ, ಆದರೆ ಒಳಗೆ ಹೋಗಿ ನೋಡಿರುವುದಿಲ್ಲ. ಹೋಗಲೂಬಾರದು.

ಹಾಗಾದರೆ ಕೋಣೆಯಲ್ಲೇ ಒಂದು ಸುರಂಗ ಮಾಡಿ. ಪ್ಲೈವುಡ್ಡಿನ ಚೌಕಟ್ಟು, ಅದಕ್ಕೆ ಕೆಂಪು ಮಣ್ಣಿನ ಗಾರೆ. ಅಗಲ ಎರಡಡಿ, ಎತ್ತರ ಐದಡಿ, ಉದ್ದ ಹತ್ತು ಹನ್ನೆರಡು ಅಡಿ ಸಾಕು. ದೊಡ್ಡವರು ತಲೆ ಬಗ್ಗಿಸಿಯೇ ಹೋಗಬೇಕು. ಎರಡು ಕಡೆಯೂ ತೆರೆದಿರಲಿ, ಹೆದರಿದ ಮಗು ಬೇಗ ಹೊರಗೆ ಬರುವ ಹಾಗಿರಲಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದು ಬದಿಯಲ್ಲಿ ದೊಡ್ಡ ಕಿಂಡಿ ಬಿಟ್ಟು ಒಳಗಿನದು ಕಾಣುವ ಹಾಗೆ ಮಾಡಿ. ಕೊನೆಯಲ್ಲಿ ಒಂದು ಪಿಕ್ಕಾಸು, ಮಣ್ಣು ಹೊರುವ ಬುಟ್ಟಿ, ಒಂದು ಚಿಮಿಣಿ ದೀಪ. ಅಲ್ಲಿ ನಿಂತಾಗ ಈ ಇಕ್ಕಟ್ಟಿನಲ್ಲಿ ಕೂತುಕೊಂಡು ಇಡೀ ದಿನ ಕಲ್ಲು ಕಡಿಯುವುದು ಹೇಗೆ ಅನ್ನುವ ಯೋಚನೆ ಬಂದೇ ಬರುತ್ತದೆ. ಯಾವ ಟಚ್‌ಸ್ಕ್ರೀನಿನಿಂದಲೂ ಅದು ಬರುವುದಿಲ್ಲ.

ಆ ದೀಪಕ್ಕೆ ಫಲಕ ಹೇಗೆ ಬರೆಯಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಚಿಮಿಣಿ ದೀಪ. ಹಿಂದಿನ ಕಾಲದಲ್ಲಿ ಬಳಸುತ್ತಿದ್ದ ವಸ್ತು. ಕೊಡುಗೆ: ಇಂಥವರು.’ ಇದರಲ್ಲಿ ಓದುವವನಿಗೆ ಗೊತ್ತಿಲ್ಲದ್ದು ಕೊಟ್ಟವರ ಹೆಸರು ಮಾತ್ರ. ಅದರ ಬದಲು ಹೀಗೆ ಬರೆಯಿರಿ: ‘ಸುರಂಗದೊಳಗೆ ಈ ದೀಪ ನಂದಿದರೆ ಅಲ್ಲಿ ಉಸಿರಾಡುವ ಗಾಳಿ ಇಲ್ಲ ಎಂದು ಲೆಕ್ಕ. ತೋಡುವವರು ಕೂಡಲೇ ಹೊರಗೆ ಬರಬೇಕು.’ ಇಷ್ಟೇ ಸಾಕು. ಹಳೆ ದೀಪ ಒಂದು ಜೀವದ ಪ್ರಶ್ನೆ ಆಗಿಬಿಟ್ಟಿತು. ಫಲಕ ಮೂರು ನಾಲ್ಕು ಸಾಲು ಮೀರದಿರಲಿ. ವಸ್ತುವನ್ನು ನೋಡುವ ಹಾಗೆ ಮಾಡುವುದು ಅದರ ಕೆಲಸ. ಕೊಟ್ಟವರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ, ಎಲ್ಲರದ್ದೂ ಒಂದೇ ಗಾತ್ರದಲ್ಲಿ ಇರಲಿ.

ಮುಟ್ಟಲು ಬಿಡುವ ವಸ್ತುಗಳೂ ಇರಲಿ. ಹತ್ತು ಸೇರು ಇದ್ದರೆ ಎರಡನ್ನು ಹೊರಗಿಡಿ. ಒಂದು ಕಳಸೆ, ಒಂದಿಷ್ಟು ಭತ್ತ. ಎಷ್ಟು ಸೇರು ಹಾಕಿದರೆ ಕಳಸೆ ತುಂಬುತ್ತದೆ ಅಂತ ಮಕ್ಕಳೇ ಅಳೆದು ಹೇಳಲಿ. ಭತ್ತವನ್ನು ಆಗಾಗ ಬಿಸಿಲಿಗೆ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಹುಳ ಹಿಡಿದು ಪಕ್ಕದ ಮರದ ವಸ್ತುಗಳಿಗೂ ತೊಂದರೆ.

ಭಾಷೆಯ ವಿಷಯ ನಮ್ಮಲ್ಲಿ ಸೂಕ್ಷ್ಮ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಪ್ರತಿ ಫಲಕವೂ ಒಂದು ವಾದವೇ. ನನ್ನ ಅಭಿಪ್ರಾಯ ಸ್ಪಷ್ಟ ಇದೆ: ಕನ್ನಡ ಮೊದಲು, ದೊಡ್ಡದಾಗಿ ಇರಲಿ. ಯಾರ ದುಡ್ಡು ಬಂದರೂ ಅದು ಬದಲಾಗಬಾರದು, ಅನುದಾನದ ಅರ್ಜಿಯಲ್ಲೇ ಅದನ್ನು ಬರೆದುಬಿಡಿ. ಕೆಳಗೆ ಮಲಯಾಳ ಇರಲೇಬೇಕು. ಕಾಞಂಗಾಡಿನಿಂದ ಬರುವ ಶಾಲಾ ಮಕ್ಕಳು ಓದದೆ ಹಿಂದೆ ಹೋಗಬಾರದು. ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವನ್ನೂ ಬರಹದಲ್ಲಿ ಹಾಕಿದರೆ ಗೋಡೆ ಪೂರ್ತಿ ಅಕ್ಷರ ಆಗಿ ಯಾರೂ ಓದುವುದಿಲ್ಲ. ಆ ಭಾಷೆಗಳನ್ನು ಕಿವಿಗೆ ಕೊಡಿ. ಸುರಂಗ ತೋಡಿದವರು ತುಳುವಿನಲ್ಲಿ ಹೇಳಿದ ಅನುಭವವನ್ನು ಅವರ ದನಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿ, ಗುಂಡಿ ಒತ್ತಿದರೆ ಕೇಳುವ ಹಾಗೆ ಮಾಡಿ. ಈ ಕೆಲಸ ಬೇಗ ಆಗಲಿ. ಆ ಕಸುಬು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈ ಎಂಟು ಲಕ್ಷದಲ್ಲಿ ತಡ ಮಾಡಬಾರದ ಖರ್ಚು ಅಂತ ಇದ್ದರೆ ಇದೊಂದೇ.

ಈಗ ಲೆಕ್ಕಕ್ಕೆ ಬರೋಣ. ನಾನಾಗಿದ್ದರೆ ಎಂಟು ಲಕ್ಷದಲ್ಲಿ ನಾಲ್ಕನ್ನು ಮುಟ್ಟುವುದೇ ಇಲ್ಲ. ಮೂಲಧನ ಅಂತ ಬ್ಯಾಂಕಿನಲ್ಲಿ ಠೇವಣಿ ಇಡುತ್ತೇನೆ. ಆರೂವರೆ ಶೇಕಡ ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ 26,000 ರೂಪಾಯಿ, ತಿಂಗಳಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಸಣ್ಣ ಮೊತ್ತ ನಿಜ. ಆದರೆ ಕರೆಂಟು, ಬಲ್ಬು, ಗುಡಿಸುವ ಖರ್ಚು ಅದರಲ್ಲಿ ನಡೆಯುತ್ತದೆ. ‘ಇದು ಮೂಲಧನಕ್ಕೆ’ ಎಂದು ದಾನಿಯಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ, ತೆರಿಗೆ ಲೆಕ್ಕಕ್ಕೆ ಅದು ಬೇಕು. ಇನ್ನೊಂದು ಮಾತು, ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ ಆಗುತ್ತದೆ, ವಿದೇಶಿ ದೇಣಿಗೆ ಕಾಯಿದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. ಲೆಕ್ಕಪರಿಶೋಧಕರಲ್ಲಿ ಒಮ್ಮೆ ಮಾತಾಡಿ.

ಉಳಿದ ನಾಲ್ಕು ಲಕ್ಷದಲ್ಲಿ ಮಾಡಿನ ರಿಪೇರಿ, ದೀಪ, ಪರದೆ, ಸುರಂಗ, ಫಲಕ, ರೆಕಾರ್ಡಿಂಗ್ ಮಾಡಿಕೊಳ್ಳಬಹುದು. ಊರಿನ ಆಚಾರಿಗಳು, ಗಾರೆ ಕೆಲಸದವರು ಇದ್ದಾರೆ. ಹೊರಗಿನ ಗುತ್ತಿಗೆದಾರರಿಗೆ ಒಟ್ಟಾಗಿ ವಹಿಸಿಕೊಡಬೇಡಿ. ಏನಾದರೂ ಕೆಟ್ಟಾಗ ನಾಳೆ ಬಂದು ಸರಿಮಾಡಿ ಕೊಡುವವರು ಊರಿನವರೇ.

ಬಾಗಿಲು ತೆಗೆಯುವವರು ಯಾರು ಎಂಬುದಕ್ಕೆ ನಿಮ್ಮಲ್ಲಿ ಒಂದು ಅನುಕೂಲ ಆಗಲೇ ಇದೆ. ಮ್ಯೂಸಿಯಂ ಇರುವುದು ಗ್ರಂಥಾಲಯದ ಪಕ್ಕ. ಕೇರಳದಲ್ಲಿ ಗ್ರಂಥಾಲಯ ಕೌನ್ಸಿಲಿಗೆ ಸೇರಿದ ಗ್ರಂಥಾಲಯಗಳಿಗೆ ವರ್ಷ ವರ್ಷ ಅನುದಾನ ಬರುತ್ತದೆ, ಲೈಬ್ರೇರಿಯನ್‌ಗೆ ಭತ್ಯೆಯೂ ಇದೆ. ಲೈಬ್ರರಿ ತೆರೆದಿರುವ ಹೊತ್ತನ್ನೇ ಮ್ಯೂಸಿಯಂ ಹೊತ್ತನ್ನಾಗಿ ಮಾಡಿ. ಆದರೆ ಹೆಚ್ಚಿನ ಕೆಲಸಕ್ಕೆ ಲೈಬ್ರೇರಿಯನ್‌ಗೆ ಏನಾದರೂ ಸಂಭಾವನೆ ಕೊಡಿ, ಸುಮ್ನೆ ಮಾಡಿಸಿಕೊಳ್ಳಬೇಡಿ. ಭಾನುವಾರ ಒಬ್ಬ ಹಿರಿಯರನ್ನು ಕೂರಿಸಿ. ತೋಟದ ಕೆಲಸ ಮಾಡಿದವರು, ಒಣಹುಲ್ಲಿನಲ್ಲಿ ಅಕ್ಕಿ ಮುಡಿ ಕಟ್ಟಲು ಗೊತ್ತಿದ್ದವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು, ಯಾರಾದರೂ ಆಗಬಹುದು. ಅವರಿಗೂ ಗೌರವಧನ ಕೊಡಿ. ಇದಕ್ಕೆ ಪಂಚಾಯತಿನಲ್ಲಿ ಕೇಳಿ ನೋಡಿ. 1996ರ ಜನಕೀಯ ಯೋಜನೆಯಿಂದ ಕೇರಳದ ಪಂಚಾಯತುಗಳ ಕೈಯಲ್ಲಿ ಯೋಜನಾ ನಿಧಿ ಇದೆ, ಗ್ರಾಮಸಭೆಯಲ್ಲಿ ವಿಷಯ ಎತ್ತಬಹುದು. ಗಡಿಯವರಿಗೆ ತಟ್ಟಲು ಎರಡು ಸರಕಾರಗಳ ಬಾಗಿಲಿವೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡುವಿಗೆ ಎರಡೂ ರಾಜ್ಯಗಳ ನೆರವು ಸಿಕ್ಕಿದೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಒಂದು ಅರ್ಜಿ ಹಾಕಿ.

ದಾನಿಗೆ ಹೇಗೆ ಹೇಳುವುದು? ಅವರ ಮನಸ್ಸಿಗೆ ನೋವಾಗದ ಹಾಗೆ, ಆದರೆ ಲಿಖಿತವಾಗಿ. ಮುಂಬಯಿಯ ಭಾವು ದಾಜಿ ಲಾಡ್ ಮ್ಯೂಸಿಯಂ ಹಾಳುಬಿದ್ದಿದ್ದಾಗ 2003ರಲ್ಲಿ ಮಹಾನಗರ ಪಾಲಿಕೆ, ಬಜಾಜ್ ಪ್ರತಿಷ್ಠಾನ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಮೂವರೂ ಸೇರಿ ಒಪ್ಪಂದ ಮಾಡಿಕೊಂಡರು. 2008ರಲ್ಲಿ ಅದು ಮತ್ತೆ ತೆರೆಯಿತು. ಕಟ್ಟಡ ಸರಿಮಾಡಿ ಕೈತೊಳೆದುಕೊಳ್ಳದೆ ನಡೆಸುವ ಹೊಣೆಯನ್ನೂ ಹಂಚಿಕೊಂಡದ್ದು ಅಲ್ಲಿಯ ವಿಶೇಷ. ನಿಮ್ಮದು ಒಂದು ಪುಟದ ಕಾಗದ ಆದರೂ ಸಾಕು: ಎಷ್ಟು ದುಡ್ಡು, ಯಾವುದಕ್ಕೆ, ಏನು ತೋರಿಸಬೇಕು ಎಂಬುದನ್ನು ತೀರ್ಮಾನಿಸುವವರು ಯಾರು. ಕೊನೆಯದಕ್ಕೆ ಉತ್ತರ ಸಮಿತಿ ಎಂದೇ ಇರಬೇಕು. ಕಮಾನಿನ ಬದಲು ಸುರಂಗಕ್ಕೆ ಅವರ ತಂದೆಯ ಅಥವಾ ತಾಯಿಯ ಹೆಸರಿಡುತ್ತೇವೆ ಅನ್ನಿ. ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂಗೆ ಆ ಹೆಸರು ಬಂದದ್ದು ಹಾಗೆಯೇ. ಕಟ್ಟಡ ದಾನ ಕೊಟ್ಟ ಕರ್ನಲ್ ಮಿರಜ್ಕರ್ ಅವರ ತಾಯಿಯ ಹೆಸರು ಅದು. 1960ರಲ್ಲಿ ತೆರೆದ ಆ ಮ್ಯೂಸಿಯಂನಿಂದಾಗಿ ಆ ತಾಯಿಯ ಹೆಸರು ಇವತ್ತಿಗೂ ಊರಿನ ಬಾಯಲ್ಲಿದೆ.

ಟಿಕೆಟ್ ಇಡಬೇಡಿ. ಹತ್ತು ರೂಪಾಯಿ ಟಿಕೆಟಿನಿಂದ ಬರುವ ದುಡ್ಡು ಟಿಕೆಟ್ ಹರಿಯುವವರ ಖರ್ಚಿಗೂ ಸಾಲದು. ದಾರಿಯಲ್ಲಿ ಹೋಗುತ್ತಾ ಸುಮ್ನೆ ಒಳಗೆ ಇಣುಕುವ ಊರಿನವರು ಬರುವುದು ನಿಂತುಹೋಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳು 2001ರ ಡಿಸೆಂಬರಿನಲ್ಲಿ ಟಿಕೆಟ್ ತೆಗೆದುಹಾಕಿದಾಗ, ಅದುವರೆಗೆ ದುಡ್ಡು ತೆಗೆದುಕೊಳ್ಳುತ್ತಿದ್ದ ಮ್ಯೂಸಿಯಂಗಳಿಗೆ ಒಂದೇ ವರ್ಷದಲ್ಲಿ ಬರುವವರು ಶೇಕಡ 70ರಷ್ಟು ಜಾಸ್ತಿಯಾದರು. ನೀವು ಬಾಗಿಲ ಬಳಿ ಒಂದು ಡಬ್ಬಿ ಇಡಿ. ಸುಮ್ನೆ ‘ದೇಣಿಗೆ’ ಅಂತ ಬರೆಯಬೇಡಿ. ‘ಈ ತಿಂಗಳ ಡಬ್ಬಿ ಭಾನುವಾರದ ಅಜ್ಜಿಯ ಗೌರವಧನಕ್ಕೆ’ ಅಂತಲೋ ‘ಮಾಡಿನ ಹೆಂಚಿಗೆ’ ಅಂತಲೋ ಬರೆಯಿರಿ. ಹಿಂದಿನ ತಿಂಗಳು ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅನ್ನುವುದನ್ನೂ ಪಕ್ಕದಲ್ಲೇ ಹಾಕಿ. ಶಾಲೆಗಳಿಂದ ಮಕ್ಕಳನ್ನು ಕರೆದುಕೊಂಡು ಬಂದರೆ ದುಡ್ಡಿನ ಮಾತೇ ಬೇಡ. ಬರುವ ಮೊದಲು ಮೇಷ್ಟ್ರಿಗೆ ಒಂದು ಫೋನ್ ಮಾಡಿ, ಯಾವ ಕ್ಲಾಸು, ಎಷ್ಟು ಜನ ಅಂತ ಕೇಳಿಕೊಳ್ಳಿ. ಐವತ್ತು ಮಕ್ಕಳು ಒಟ್ಟಿಗೆ ಬಂದರೆ ಎರಡು ಗುಂಪು ಮಾಡಿ. ಒಂದು ಗುಂಪು ಸುರಂಗದ ಹತ್ತಿರ ಇರುವಾಗ ಇನ್ನೊಂದು ಗುಂಪು ಹೊರಗೆ ಅಂಗಳದಲ್ಲಿ ಕಳಸೆ ಅಳೆಯಲಿ.